ನಾಯಿ ಸಾಕಿದ ಮನೆಗೆ ಮರದ ನೆಲ: ಹೊಳಪಿಗಿಂತ ಹಿಡಿತ ಮೇಲು

ಈ ಪುಟಗಳಲ್ಲಿ ನಾವು ಸಾಮಾನ್ಯವಾಗಿ ಆಹಾರ, ನಿದ್ರೆ, ವ್ಯಾಯಾಮ, ಋತುಮಾನದ ಕಾಯಿಲೆಗಳನ್ನು ಕುರಿತು ಬರೆಯುತ್ತೇವೆ. ಈ ತಿಂಗಳು ಮನೆಯ ನೆಲವನ್ನು ಕುರಿತು ಬರೆಯಲು ಹೊರಟಿದ್ದೇವೆ. ನೆಲಕ್ಕೂ ಆರೋಗ್ಯಕ್ಕೂ ಏನು ಸಂಬಂಧವೆಂದು ಸದ್ಭಕ್ತರು ಕೇಳಬಹುದು. ಮಗು ಅಂಬೆಗಾಲಿಡುವುದು ನೆಲದ ಮೇಲೆ; ಹಿರಿಯರು ಕೋಲೂರಿ ನಡೆಯುವುದು ನೆಲದ ಮೇಲೆ; ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದವರು ನಂಬಿ ಕಾಲಿಡುವುದೂ ನೆಲದ ಮೇಲೆಯೇ. ಆ ನಂಬಿಕೆ ಸುಳ್ಳಾದಾಗ ಆಗುವ ಹಾನಿ ಸಣ್ಣದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನರು ಬಿದ್ದು ಪ್ರಾಣ ಕಳೆದುಕೊಳ್ಳುತ್ತಾರೆ. ಆಕಸ್ಮಿಕ ಗಾಯಗಳಿಂದ ಸಂಭವಿಸುವ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಬೀಳುವಿಕೆಯದೇ. ಹೀಗೆ ಬಿದ್ದು ಸಾಯುವವರಲ್ಲಿ ಅರವತ್ತು ದಾಟಿದವರೇ ಹೆಚ್ಚು.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಊರುಗಳ ಹೊಸ ಮನೆಗಳಲ್ಲಿ ಎರಡು ಸಂಗತಿಗಳು ಒಟ್ಟಿಗೆ ಕಾಣುತ್ತಿವೆ. ಒಂದು, ಮಲಗುವ ಕೋಣೆಗೋ ಪಡಸಾಲೆಗೋ ಮರದ ಹಲಗೆಯ ನೆಲ ಹಾಕಿಸುವ ಅಪೇಕ್ಷೆ. ಇನ್ನೊಂದು, ಹಿಂದೆ ಅಂಗಳದಲ್ಲಿಯೋ ಹಿತ್ತಲಿನಲ್ಲಿಯೋ ಇರುತ್ತಿದ್ದ ನಾಯಿ ಈಗ ಮನೆಯೊಳಗೆ ಕುಟುಂಬದ ಸದಸ್ಯನಂತೆ ವಾಸಿಸುವುದು. ಇವೆರಡೂ ಕೂಡಿದ ಮನೆಯವರು ಅಂಗಡಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ, "ನಾಯಿಯ ಉಗುರಿಗೆ ಗೀರು ಬೀಳದ ಮರ ಯಾವುದು?" ಎಂದು. ನಾವೂ ಹಾಗೆಯೇ ಕೇಳಿದ್ದೆವು. ಅದು ಎರಡನೆಯ ಪ್ರಶ್ನೆಯಾಗಬೇಕಿತ್ತು ಎಂಬುದು ನಮಗೆ ತಡವಾಗಿ ತಿಳಿಯಿತು. "ಯಾವ ನೆಲದ ಮೇಲೆ ನಾಯಿಯ ಕಾಲು ಜಾರುವುದಿಲ್ಲ?" ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಸರಿಯಾದ ಉತ್ತರ ದೊರೆತರೆ ಗೀರಿನ ಸಮಸ್ಯೆ ಬಹುಮಟ್ಟಿಗೆ ತಾನಾಗಿಯೇ ತಗ್ಗುತ್ತದೆ. ಮನೆಯ ಹಿರಿಯರ ಸೊಂಟವೂ ಉಳಿಯುತ್ತದೆ. ಇದೇ ಈ ಲೇಖನದ ಅಭಿಪ್ರಾಯ.

ನಮ್ಮ ಮನೆಯಲ್ಲಿ ನಡೆದದ್ದು

ಮನೆ ನವೀಕರಿಸುವಾಗ ಪಡಸಾಲೆಗೆ ಮತ್ತು ತಾಯಿಯವರ ಕೋಣೆಗೆ ಮರದ ನೆಲ ಹಾಕಿಸಿದೆವು. ಮೊಣಕಾಲು ನೋವಿರುವ ತಾಯಿಯವರಿಗೆ ಕಲ್ಲಿನ ನೆಲದ ತಣ್ಣನೆಯ ಸ್ಪರ್ಶ ಆಗುತ್ತಿರಲಿಲ್ಲ. ಮರ ಹಿತವಾಗಿರುತ್ತದೆಂಬುದು ನಮ್ಮ ಎಣಿಕೆ. ಗೀರು ಬೀಳಬಾರದೆಂದು ಅತ್ಯಂತ ಗಡುಸಾದ ಹೊರದೇಶದ ಮರವನ್ನೇ ಆರಿಸಿದೆವು. ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಲೇಪವಿತ್ತು. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದರು. ನಮ್ಮ ನಾಯಿ ಮೋತಿ ಲ್ಯಾಬ್ರಡಾರ್ ತಳಿಯದು. ಆಗ ಅದಕ್ಕೆ ಎರಡು ವರ್ಷ. ಮೊದಲ ದಿನ ಓಡಿಬಂದು ಗೋಡೆಗೆ ಹೋಗಿ ಬಡಿದುಕೊಂಡಿತು. ಎಲ್ಲರೂ ನಕ್ಕೆವು.

ಕೆಲವು ತಿಂಗಳಲ್ಲಿ ನೆಲದ ತುಂಬ ಗೀರುಗಳು. ಗಡುಸಾದ ಮರ ಗೀರನ್ನು ತಡೆಯಲಿಲ್ಲ. ಮೋತಿ ಕ್ರಮೇಣ ಪಡಸಾಲೆಯನ್ನು ದಾಟುವುದನ್ನೇ ಬಿಟ್ಟಿತು. ಮೊದಲು ತಾಯಿಯವರ ಮಂಚದ ಬಳಿ ಮಲಗುತ್ತಿದ್ದ ಪ್ರಾಣಿ ಹೊಸ್ತಿಲಿನಲ್ಲಿಯೇ ನಿಂತು ನೋಡುತ್ತಿತ್ತು. ಸೋಮಾರಿಯಾಗಿದೆ, ಹಟ ಹಿಡಿದಿದೆ ಎಂದುಕೊಂಡೆವು. ಒಂದು ಸಂಜೆ ತಾಯಿಯವರು ಅದಕ್ಕೆ ರೊಟ್ಟಿ ಕೊಡಲು ಎದ್ದುಬಂದರು. ಅದರ ನೀರಿನ ಬಟ್ಟಲಿನಿಂದ ಚೆಲ್ಲಿದ್ದ ಸ್ವಲ್ಪ ನೀರು ಆ ಹೊಳಪಿನಲ್ಲಿ ಕಾಣಿಸಲಿಲ್ಲ. ಜಾರಿ ಬಿದ್ದರು, ಕೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು. ಸೊಂಟ ಉಳಿದದ್ದು ದೈವಕೃಪೆ.

ಸಿಟ್ಟಿನಲ್ಲಿ ನಾಯಿಯನ್ನು ಹಿತ್ತಲಿಗೆ ಕಟ್ಟಿಹಾಕಲು ಮುಂದಾದೆವು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದ ತಾಯಿಯವರೇ ತಡೆದರು. "ನಾನೂ ಅದೇ ನೆಲದ ಮ್ಯಾಲೆ ಬಿದ್ದೇನಿ, ಅದೂ ಅಲ್ಲೇ ಬೀಳತೈತಿ. ಅದನ್ನ್ಯಾಕ ಕಟ್ಟತೀರಿ?" ಎಂದರು. ಮುಂದೆ ಲಸಿಕೆ ಹಾಕಲು ಬಂದ ಪಶುವೈದ್ಯರು ಮೋತಿಯನ್ನು ಮೊದಲು ಅಂಗಳದ ಮಣ್ಣಿನಲ್ಲಿ, ಬಳಿಕ ಪಡಸಾಲೆಯಲ್ಲಿ ನಡೆಸಿ ನೋಡಿದರು. ಅಂಗಳದಲ್ಲಿ ಸರಾಗವಾಗಿದ್ದ ನಡಿಗೆ ಒಳಗೆ ಬಂದಾಗ ಮುದಿನಾಯಿಯದಾಯಿತು. ಹಿಂಗಾಲುಗಳು ಅಗಲವಾಗಿ, ಬೆನ್ನು ಬಾಗಿ, ಬೆರಳುಗಳು ನೆಲವನ್ನು ಹಿಡಿಯಲು ಹವಣಿಸುತ್ತಿದ್ದವು. "ಇದು ಹಟವಲ್ಲ, ಭಯ" ಎಂದರು ಅವರು. ನೆಲವನ್ನು ನಾವು ನೋಡುವುದಕ್ಕಾಗಿ ಆರಿಸಿದ್ದೆವು, ನಡೆಯುವವರನ್ನು ಕೇಳಿರಲಿಲ್ಲ.

ನಾಯಿಯ ಪಾದದ ಮರ್ಮ

ನಾಯಿ ನಡೆಯುವುದು ಬೆರಳುಗಳ ಮೇಲೆ. ಅದರ ಪಾದದ ಮೆತ್ತೆಗಳು ಒರಟಾದ ದಪ್ಪ ಚರ್ಮದವು. ಮಣ್ಣು, ಹುಲ್ಲು, ಒರಟು ಕಲ್ಲಿನ ಮೇಲೆ ಅವು ಚೆನ್ನಾಗಿ ಹಿಡಿಯುತ್ತವೆ. ಓಡುವಾಗ, ತಿರುಗುವಾಗ ಉಗುರುಗಳು ಮಣ್ಣಿನೊಳಗೆ ಇಳಿದು ಆಧಾರವಾಗುತ್ತವೆ. ನುಣುಪಾದ ಗಡುಸು ನೆಲದಲ್ಲಿ ಉಗುರು ಇಳಿಯಲಾರದು. ಕಾಲು ಜಾರುತ್ತಿದೆಯೆಂದು ತಿಳಿದ ಕೂಡಲೇ ನಾಯಿ ಸ್ವಭಾವತಃ ಉಗುರುಗಳನ್ನು ಇನ್ನಷ್ಟು ಒತ್ತುತ್ತದೆ. ಹಾಗೆ ಒತ್ತಿದಾಗ ಮೆತ್ತೆಯ ಹಿಡಿತ ಮತ್ತಷ್ಟು ಕಡಿಮೆಯಾಗಿ ಕಾಲು ಇನ್ನೂ ಜಾರುತ್ತದೆ. ಉಗುರು ನೆಲವನ್ನು ಉದ್ದಕ್ಕೂ ಗೀಚುತ್ತದೆ. ನೆಲದ ಮೇಲಿನ ಉದ್ದನೆಯ ಗೀರುಗಳಲ್ಲಿ ಹೆಚ್ಚಿನವು ನಡೆದ ಗುರುತುಗಳಲ್ಲ, ಜಾರಿದ ಗುರುತುಗಳು. ಆದ್ದರಿಂದಲೇ ಜಾರದ ನೆಲ ಬಾಳಿಕೆಯ ನೆಲವೂ ಆಗುತ್ತದೆಂದು ನಾವು ಹೇಳುವುದು.

ಜಾರಿಕೆಯಿಂದ ಕೀಲುಗಳಿಗೂ ತೊಂದರೆ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ನಂಥ ದೊಡ್ಡ ತಳಿಗಳಲ್ಲಿ ಸೊಂಟದ ಕೀಲು ಸರಿಯಾಗಿ ಕೂಡದಿರುವ ದೋಷ ವಂಶಪಾರಂಪರ್ಯವಾಗಿ ಬರುತ್ತದೆ. ಅದು ಎಷ್ಟು ಉಲ್ಬಣಿಸುತ್ತದೆ ಎಂಬುದು ಮಾತ್ರ ಮರಿಯಾಗಿದ್ದಾಗಿನ ತೂಕ, ಓಡಾಟ, ವಾಸದ ಪರಿಸರಗಳನ್ನೂ ಅವಲಂಬಿಸಿದೆ. ನಾರ್ವೆ ದೇಶದಲ್ಲಿ ದೊಡ್ಡ ತಳಿಯ ನಾಯಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೂರು ತಿಂಗಳು ತುಂಬುವ ಮೊದಲು ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಈ ದೋಷದ ಸಂಭವ ಹೆಚ್ಚೆಂದೂ, ಆ ವಯಸ್ಸಿನಲ್ಲಿ ಬಯಲಿನಲ್ಲಿ ಸ್ವತಂತ್ರವಾಗಿ ಆಡಿದ ಮರಿಗಳಲ್ಲಿ ಕಡಿಮೆಯೆಂದೂ ಕಂಡುಕೊಂಡಿತು. ಎಳೆಯ ಕೀಲಿಗೆ ಕಾಲೂರಲು ಆಸರೆ ಬೇಕೆಂಬುದನ್ನು ಇದರಿಂದ ನಾವು ಗ್ರಹಿಸಬಹುದು. ನಮ್ಮದೇ ನಾಡಿನ ಮುಧೋಳ ನಾಯಿ ಬಯಲಿನಲ್ಲಿ ಓಡಲೆಂದೇ ಹುಟ್ಟಿದ ಉದ್ದಕಾಲಿನ ತಳಿ. ಅದನ್ನು ಹೊಳಪಿನ ನೆಲದ ಕೋಣೆಯಲ್ಲಿ ಸಾಕುವವರು ಈ ಮಾತನ್ನು ಇನ್ನೂ ಹೆಚ್ಚಾಗಿ ಗಮನಿಸಬೇಕು. ಮುದಿನಾಯಿಗಳ ಸ್ಥಿತಿಯಂತೂ ನಮ್ಮ ಮನೆಗಳ ವೃದ್ಧರದೇ: ಒಮ್ಮೆ ಜಾರಿದ ಮೇಲೆ ಏಳುವ ಧೈರ್ಯವೇ ಕುಂದುತ್ತದೆ.

ಮರದ ಗಡಸುತನ: ಎಷ್ಟು ನಂಬಬೇಕು?

ಅಂಗಡಿಗಳಲ್ಲಿ ಮರದ ಗಡಸುತನಕ್ಕೆ ಒಂದು ಸಂಖ್ಯೆ ಹೇಳುತ್ತಾರೆ. ಅದನ್ನು ಜಂಕಾ ಸಂಖ್ಯೆ ಎನ್ನುತ್ತಾರೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಮರದೊಳಗೆ ಅರ್ಧದಷ್ಟು ಹುದುಗಿಸಲು ಎಷ್ಟು ಬಲ ಬೇಕೆಂಬುದೇ ಈ ಅಳತೆ. ಪೌಂಡ್ ಲೆಕ್ಕದಲ್ಲಿ ನಮ್ಮ ತೇಗ, ಅಂದರೆ ಸಾಗವಾನಿ, ಸುಮಾರು 1,000ದಿಂದ 1,150ರವರೆಗೆ ಬರುತ್ತದೆ. ಅಮೆರಿಕದ ಬಿಳಿ ಓಕ್ ಸುಮಾರು 1,360. ಗಡುಸು ಮೇಪಲ್ ಸುಮಾರು 1,450. ಬ್ರೆಜಿಲ್ ಚೆರ್ರಿ ಎಂದು ಮಾರಾಟವಾಗುವ ಮರ 2,300ನ್ನು ದಾಟುತ್ತದೆ. ಪೈನ್ ಮರದ ಕೆಲವು ಮೃದು ಬಗೆಗಳು 400ನ್ನೂ ಮುಟ್ಟುವುದಿಲ್ಲ. 'ಹಾರ್ಡ್‌ವುಡ್' ಎಂಬ ಹೆಸರನ್ನು ನಂಬಿ ಮೋಸಹೋಗಬಾರದು. ಅಗಲ ಎಲೆಯ ಮರಗಳಿಗೆಲ್ಲ ಸಸ್ಯಶಾಸ್ತ್ರದಲ್ಲಿ ಆ ಹೆಸರೇ ಇದೆ. ಉಗುರಿನಿಂದ ಒತ್ತಿದರೆ ತಗ್ಗು ಬೀಳುವ ಬಾಲ್ಸಾ ಮರವೂ ಲೆಕ್ಕಕ್ಕೆ ಹಾರ್ಡ್‌ವುಡ್ಡೇ.

ಈ ಸಂಖ್ಯೆ ಭಾರವಾದ ಪಾತ್ರೆ ಬಿದ್ದರೆ, ಮಂಚದ ಕಾಲು ಒತ್ತಿದರೆ ಮರದಲ್ಲಿ ಎಷ್ಟು ತಗ್ಗು ಬೀಳುತ್ತದೆಂದು ತಿಳಿಸುತ್ತದೆ. ಆದರೆ ನಾಯಿಯ ಉಗುರು ಮೊದಲು ಮುಟ್ಟುವುದು ಮರವನ್ನಲ್ಲ, ಅದರ ಮೇಲಿನ ಲೇಪವನ್ನು. ಆ ಲೇಪದ ದಪ್ಪ ಒಂದೆರಡು ಕೂದಲೆಳೆಯಷ್ಟು. ಕೆಳಗಿನ ಮರ ಎಷ್ಟೇ ಗಡುಸಾಗಿದ್ದರೂ ಗೀರು ಬೀಳುವುದು ಲೇಪದ ಮೇಲೆ. ಲೇಪ ಹೊಳೆಯುವಂಥದ್ದಾದರೆ ಬೆಳಕು ಬಿದ್ದಾಗ ಪ್ರತಿ ಗೀರೂ ಬಿಳಿಗೆರೆಯಾಗಿ ಎದ್ದು ಕಾಣುತ್ತದೆ. ಮಂಕು ಲೇಪವಾದರೆ ಅದೇ ಗೀರು ಮರದ ಎಳೆಗಳ ನಡುವೆ ಅಡಗಿಹೋಗುತ್ತದೆ. ಹೀಗಾಗಿ 1,000ದ ಆಸುಪಾಸಿನ ತೇಗಕ್ಕೆ ಮಂಕು ಲೇಪ ಹಾಕಿದ ನೆಲ, 2,300ರ ಮರಕ್ಕೆ ಕನ್ನಡಿ ಲೇಪ ಹಾಕಿದ ನೆಲಕ್ಕಿಂತ ನಾಯಿಯಿರುವ ಮನೆಯಲ್ಲಿ ಹೆಚ್ಚು ಕಾಲ ಚೆಂದವಾಗಿ ಕಾಣುತ್ತದೆ. ಇದು ನಾವು ಹಣ ತೆತ್ತು ಕಲಿತ ಪಾಠ.

ಯಾವ ಮರ ಆರಿಸಬೇಕು?

ಮೊದಲು ಎಲ್ಲಿ ಮರ ಬೇಡವೆಂಬುದನ್ನು ಹೇಳಿಬಿಡುತ್ತೇವೆ. ಅಡುಗೆಮನೆ, ಬಚ್ಚಲು, ನಾಯಿಯ ಊಟದ ಮತ್ತು ನೀರಿನ ಜಾಗಗಳಿಗೆ ಮರ ಸಲ್ಲದು. ಅಲ್ಲಿ ಪಾಲಿಶ್ ಮಾಡದ ಶಹಾಬಾದ್ ಕಲ್ಲು ಅಥವಾ ಒರಟು ಮೈಯ ಟೈಲ್ಸ್ ಯೋಗ್ಯ.

ಕೋಣೆ, ಪಡಸಾಲೆಗಳಿಗೆ ಮರ ಬೇಕೆನ್ನುವವರಿಗೆ ನಮ್ಮ ಮೊದಲ ಸಲಹೆ ಬಲಿತ ತೇಗ. ಅದರಲ್ಲಿ ಸಹಜವಾದ ಎಣ್ಣೆಯ ಅಂಶವಿದೆ. ಹವೆ ಬದಲಾದಾಗ ಹಿಗ್ಗುವುದು, ಕುಗ್ಗುವುದು ಕಡಿಮೆ. ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಈ ಗುಣಗಳೆಲ್ಲ ಮರದ ಒಳತಿರುಳಿಗೆ ಮಾತ್ರ ಸೇರಿದವು. ಎಳೆಯ ಮರದ ಹೊರಭಾಗದ ಬಿಳಿಯ ಹಲಗೆಯನ್ನು ತೇಗವೆಂದು ಕೊಂಡರೆ ಹೆಸರು ಉಳಿಯುತ್ತದೆ, ಗುಣ ಉಳಿಯುವುದಿಲ್ಲ. ಹಳೆಯ ವಾಡೆಗಳನ್ನೂ ತೊಟ್ಟಿಮನೆಗಳನ್ನೂ ಕೆಡವಿದಾಗ ಸಿಗುವ ತೊಲೆ, ಹಲಗೆಗಳನ್ನು ಸೀಳಿಸಿ ನೆಲಕ್ಕೆ ಬಳಸುವುದು ಅತ್ಯುತ್ತಮ. ಹತ್ತಾರು ವರ್ಷ ಒಣಗಿದ ಆ ಮರ ಇನ್ನು ಸೊಟ್ಟಗಾಗುವ ಸಂಭವ ಬಹಳ ಕಡಿಮೆ. ಹೊಸ ಮರವೊಂದನ್ನು ಕಡಿಯುವುದೂ ತಪ್ಪುತ್ತದೆ. ಮೊಳೆಗಳನ್ನು ಪೂರ್ತಿಯಾಗಿ ಕೀಳಿಸಿರಬೇಕು, ಅಷ್ಟೇ.

ಮತ್ತಿ ಗಡುಸಾದ, ಭಾರವಾದ ಮರ. ಒಣಗುವಾಗ ಸೀಳುವ ಸ್ವಭಾವ ಅದಕ್ಕಿರುವುದರಿಂದ ಚೆನ್ನಾಗಿ ಪಕ್ವಗೊಂಡ ಹಲಗೆಗಳನ್ನೇ ಕೇಳಿ ಪಡೆಯಬೇಕು. ಹೊನ್ನೆಯೂ ಗಟ್ಟಿಯಾದ, ಬಾಳಿಕೆಯ ಮರ. ಆದರೆ ಸಕ್ಕರೆ ಕಾಯಿಲೆಯವರು ಹೊನ್ನೆಮರದ ಲೋಟದಲ್ಲಿ ಇಟ್ಟ ನೀರು ಬಣ್ಣ ತಿರುಗುವುದನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ತೇವ ತಾಗಿದರೆ ಅದು ಬಣ್ಣ ಬಿಡುವ ಮರ. ನಾಯಿಯ ಜೊಲ್ಲು, ಒದ್ದೆಗಾಲು, ಮೂತ್ರ ಬೀಳುವ ಕಡೆಗೆ ಅದು ತಕ್ಕುದಲ್ಲ. ಬೀಟೆ ಅಪರೂಪವಾಗುತ್ತಿರುವ ಮರ. ಕಾಲಡಿ ಹಾಸಲು ಅದನ್ನು ಬಯಸದಿರುವುದೇ ಒಳಿತು.

ಇಡೀ ಮರದ ಹಲಗೆ ಸಾಮಾನ್ಯವಾಗಿ 18ರಿಂದ 20 ಮಿಲಿಮೀಟರ್ ದಪ್ಪವಿರುತ್ತದೆ. ಗೀರುಗಳು ಹೆಚ್ಚಾದಾಗ ಮೇಲ್ಮೈ ಉಜ್ಜಿ ಹೊಸದಾಗಿಸಬಹುದು; ಒಂದು ಜೀವಿತಕಾಲದಲ್ಲಿ ಹಲವು ಸಲ ಹೀಗೆ ಮಾಡಬಹುದು. 'ಎಂಜಿನಿಯರ್ಡ್' ಹಲಗೆಯಲ್ಲಿ ಕೆಳಗೆ ಪ್ಲೈವುಡ್, ಮೇಲೆ ತೆಳುವಾದ ನಿಜವಾದ ಮರ. ಮೇಲಿನ ಪದರ 4 ಮಿಲಿಮೀಟರಿಗಿಂತ ಕಡಿಮೆಯಿದ್ದರೆ ಉಜ್ಜಿಸುವ ಅವಕಾಶ ಒಂದೆರಡು ಸಲಕ್ಕೆ ಮುಗಿಯುತ್ತದೆ. ಇನ್ನೂ ತೆಳುವಾಗಿದ್ದರೆ ಅದೂ ಇಲ್ಲ. ಲ್ಯಾಮಿನೇಟ್ ಎಂಬುದು ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯ ಮೇಲೆ ಮರದ ಚಿತ್ರ ಅಂಟಿಸಿದ್ದು. ಅದು ಗೀರನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಕಡಿಮೆ. ಆದರೆ ಅದರ ಅನೇಕ ಬಗೆಗಳು ನಾಯಿಯ ಕಾಲಿಗೆ ಬಹಳ ಜಾರು. ಸಂದಿಗಳಲ್ಲಿ ಮೂತ್ರ ಇಳಿದರೆ ಹಲಗೆ ಉಬ್ಬುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಅಂಟಿನ ವಿಷಯದಲ್ಲಿಯೂ ಎಚ್ಚರ ಬೇಕು. ಪ್ಲೈವುಡ್, ಲ್ಯಾಮಿನೇಟುಗಳ ಅಗ್ಗದ ಅಂಟುಗಳಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ತಿಂಗಳುಗಟ್ಟಲೆ ಹೊರಬರುತ್ತದೆ. ಕಣ್ಣುರಿ, ಗಂಟಲ ಕೆರೆತ ತರುವ ಈ ಅನಿಲವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ನೆಲಕ್ಕೆ ಮೂಗು ತಾಗಿಸಿ ಮಲಗುವ ನಾಯಿಯೂ, ನೆಲದಲ್ಲಿಯೇ ಆಡುವ ಮಗುವೂ ಅದನ್ನು ನಮಗಿಂತ ಹತ್ತಿರದಿಂದ ಉಸಿರಾಡುತ್ತವೆ. ಆದ್ದರಿಂದ ಹಲಗೆಯ ಮೇಲೆ ಇ-1 ಅಥವಾ ಅದಕ್ಕಿಂತ ಉತ್ತಮ ದರ್ಜೆಯ ಗುರುತು ಇದೆಯೇ ಎಂದು ನೋಡಿಯೇ ಕೊಳ್ಳಬೇಕು; ಹಾಕಿಸಿದ ಮೇಲೆ ಕೆಲವು ವಾರ ಕಿಟಕಿಗಳನ್ನು ತೆರೆದಿಡಬೇಕು.

ಹವಾಮಾನವನ್ನು ಮರೆಯುವಂತಿಲ್ಲ. ಕರಾವಳಿ, ಮಲೆನಾಡುಗಳ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ. ಕಲಬುರಗಿ, ವಿಜಯಪುರಗಳ ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಹಲಗೆಗಳನ್ನು ಹಾಕುವ ಕೋಣೆಯಲ್ಲಿಯೇ ಒಂದೆರಡು ವಾರ ಇರಿಸಿ, ಆ ಹವೆಗೆ ಹೊಂದಿಕೊಂಡ ಮೇಲೆ ಕೂಡಿಸಬೇಕು. ಗೋಡೆಯ ಪಕ್ಕದಲ್ಲಿ ಸುಮಾರು 10 ಮಿಲಿಮೀಟರ್ ಜಾಗ ಬಿಟ್ಟರೆ ಹಿಗ್ಗಲು ಎಡೆಯಿರುತ್ತದೆ. ಅಂಚುಪಟ್ಟಿ ಅದನ್ನು ಮರೆಮಾಡುತ್ತದೆ.

ಲೇಪವೇ ನಿರ್ಣಾಯಕ

ಮರ ಯಾವುದೇ ಇರಲಿ, ಲೇಪ ಮಂಕಾಗಿರಲಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮರದೊಳಗೆ ಇಳಿಯುವ ಎಣ್ಣೆ ಮತ್ತು ಗಟ್ಟಿಮೇಣದ ಮಿಶ್ರಣದ ಲೇಪಗಳು ಈಗ ದೊರೆಯುತ್ತವೆ. ಇವುಗಳಲ್ಲಿ ಮರದ ಎಳೆ ಬೆರಳಿಗೆ ಸಿಗುತ್ತದೆ, ಪಾದಕ್ಕೆ ಹಿಡಿತ ದೊರೆಯುತ್ತದೆ. ಒಂದು ಕಡೆ ಗೀರು ಬಿದ್ದರೆ ಅಷ್ಟು ಜಾಗವನ್ನೇ ಉಪ್ಪುಕಾಗದದಿಂದ ಉಜ್ಜಿ ಎಣ್ಣೆ ಹಚ್ಚಬಹುದು. ಪಾಲಿಯುರಿಥೇನ್ ಲೇಪವಾದರೆ ಗೀರಿದಷ್ಟು ಜಾಗವನ್ನು ಮಾತ್ರ ಸರಿಪಡಿಸುವುದು ಕಷ್ಟ. ಆದರೆ ನೀರನ್ನು ಅದು ಹೆಚ್ಚು ತಡೆಯುತ್ತದೆ. ಅದನ್ನು ಬಯಸುವವರು ಮಂಕು ಬಗೆಯನ್ನೇ ಆರಿಸಿಕೊಳ್ಳಲಿ. ಹಬ್ಬಕ್ಕೆಂದು ನೆಲಕ್ಕೆ ಮೇಣದ ಪಾಲಿಶ್ ತಿಕ್ಕಿಸುವ ಅಭ್ಯಾಸವನ್ನಂತೂ ಬಿಡಲೇಬೇಕು. ಅದು ನೆಲವನ್ನು ಜಾರುಬಂಡೆ ಮಾಡುತ್ತದೆ. ಅಗಸೆ ಎಣ್ಣೆ ಬೆರೆತ ಲೇಪಗಳನ್ನು ಮನೆಯಲ್ಲಿಯೇ ಹಚ್ಚುವವರು ಎಣ್ಣೆಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬಾರದು. ಅವು ಒಣಗುವಾಗ ಕಾವೇರಿ ತಾವಾಗಿಯೇ ಹೊತ್ತಿಕೊಳ್ಳಬಲ್ಲವು. ನೀರಿನಲ್ಲಿ ನೆನೆಸಿ ವಿಲೇವಾರಿ ಮಾಡಬೇಕು.

ಕೊಳ್ಳುವ ಮೊದಲು ಒಂದು ಸರಳ ಪರೀಕ್ಷೆ ಮಾಡಿ. ಅಂಗಡಿಯಿಂದ ನಾಲ್ಕೈದು ಮಾದರಿ ಹಲಗೆಗಳನ್ನು ಮನೆಗೆ ತಂದು ಕೂಡಿಸಿಡಿ. ಸ್ವಲ್ಪ ನೀರು ಚಿಮುಕಿಸಿ. ಮನೆಯವರಲ್ಲಿ ಗಟ್ಟಿಮುಟ್ಟಾದವರು ಬರಿಗಾಲಿನಲ್ಲಿ, ಒಂದು ಕೈಯಿಂದ ಗೋಡೆ ಹಿಡಿದುಕೊಂಡು ಅದರ ಮೇಲೆ ಕಾಲಾಡಿಸಿ ನೋಡಲಿ. ಬಳಿಕ ಒಣಗಿದ ಹಲಗೆಯ ಮೇಲೆ ನಾಯಿಯನ್ನು ಕರೆದು, ಕುಳ್ಳಿರಿಸಿ, ಏಳಿಸಿ. ಏಳುವಾಗ ಹಿಂಗಾಲು ಜಾರಿದರೆ ಆ ಮಾದರಿಯನ್ನು ಹಿಂದಿರುಗಿಸಿ. ಅಂಗಡಿಯ ದೀಪದಡಿ ಕಣ್ಣು ಮೆಚ್ಚಿದ್ದನ್ನು ಮನೆಯಲ್ಲಿ ಕಾಲು ಒಪ್ಪಬೇಕು.

ಸಂದಿಯಲ್ಲಿ ಅಡಗುವ ರೋಗ

ಮರದ ನೆಲದಲ್ಲಿ ಸಂದಿಗಳಿರುತ್ತವೆ; ನಾಯಿಯಿರುವ ಮನೆಯಲ್ಲಿ ಅವನ್ನು ಅಲಕ್ಷಿಸಬಾರದು. ನಾಯಿಗೆ ಹತ್ತುವ ಕಂದು ಉಣ್ಣೆ ರಕ್ತ ಹೀರಿದ ಬಳಿಕ ಕೆಳಗೆ ಉದುರಿ, ನೆಲದ ಮತ್ತು ಗೋಡೆಯ ಸಂದಿಗಳಲ್ಲಿ ಸೇರಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಈ ಉಣ್ಣೆ ಮನೆಯೊಳಗೇ ಪೀಳಿಗೆಯಿಂದ ಪೀಳಿಗೆಗೆ ಬಾಳಬಲ್ಲದು. ನಾಯಿಗಳಿಗೆ ಮಾರಕವಾಗಬಲ್ಲ ಉಣ್ಣೆಜ್ವರ ಹರಡುವುದು ಇದರಿಂದಲೇ. ಆದ್ದರಿಂದ ಹಲಗೆಗಳು ಒಂದರೊಳಗೊಂದು ಬಿಗಿಯಾಗಿ ಕೂಡಿರಬೇಕು. ತೆರೆದ ಸಂದಿಗಳನ್ನು ಮರದ ಪುಡಿ ಮತ್ತು ಅಂಟಿನ ಮಿಶ್ರಣದಿಂದ ಮುಚ್ಚಿಸಬೇಕು. ನಾಯಿ ಮಲಗುವ ಜಾಗದ ಸುತ್ತ ಆಗಾಗ ಹೀರುಯಂತ್ರದಿಂದ ಧೂಳು ತೆಗೆಯಬೇಕು. ನಾಯಿಗೆ ಉಣ್ಣೆಯ ಔಷಧವನ್ನು ಪಶುವೈದ್ಯರ ಸಲಹೆಯಂತೆ ಕೊಡಿಸದೆ ನೆಲವನ್ನಷ್ಟೇ ತೊಳೆದರೆ ಪ್ರಯೋಜನವಿಲ್ಲ.

ಮೂತ್ರ ಬಿದ್ದರೆ ಆಗಿಂದಾಗಲೇ ಒರೆಸಬೇಕು. ನಿಂತ ಮೂತ್ರ ಕೊಳೆತು ಅಮೋನಿಯಾ ಉಂಟಾಗಿ ಮರವನ್ನು ಕಪ್ಪಾಗಿಸುತ್ತದೆ. ಆ ಕಲೆ ಉಜ್ಜಿದರೂ ಸುಲಭವಾಗಿ ಹೋಗುವುದಿಲ್ಲ. ಮೂತ್ರದ ಮೇಲೆ ಬ್ಲೀಚಿಂಗ್ ಪುಡಿ ಸುರಿಯುವುದು ಅಪಾಯಕರ, ಏಕೆಂದರೆ ಅಮೋನಿಯಾದೊಡನೆ ಸೇರಿ ಅದು ವಿಷಗಾಳಿ ಬಿಡುತ್ತದೆ. ನಾಯಿ ತನ್ನ ಪಾದಗಳನ್ನು ನೆಕ್ಕುವ ಪ್ರಾಣಿಯಾದುದರಿಂದ ಫಿನಾಯಿಲ್ ಒರೆಸಿದ ನೆಲದಿಂದ ಆ ದ್ರವ ಅದರ ಹೊಟ್ಟೆ ಸೇರುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆ, ಸ್ವಲ್ಪ ಸೌಮ್ಯ ಸಾಬೂನು ನೀರು, ಬಳಿಕ ಒಣಬಟ್ಟೆ: ಮರದ ನೆಲಕ್ಕೆ ಇಷ್ಟು ಸಾಕು. ಮಲ ಬಿದ್ದರೆ ತಕ್ಷಣ ತೆಗೆಯಬೇಕು. ನಾಯಿಯ ದುಂಡುಹುಳುವಿನ ಮೊಟ್ಟೆಗಳು ಸೋಂಕು ತಗಲಿಸುವ ಹಂತಕ್ಕೆ ಬರಲು ವಾರಗಳು ಬೇಕಾದ್ದರಿಂದ, ಅಂದಂದಿನ ಸ್ವಚ್ಛತೆಯೇ ಮಕ್ಕಳಿಗೆ ದೊಡ್ಡ ರಕ್ಷಣೆ. ರೇಬಿಸ್ ಲಸಿಕೆ, ಜಂತುಹುಳುವಿನ ಔಷಧಗಳು ತಪ್ಪಬಾರದೆಂದು ಬೇರೆ ಹೇಳಬೇಕಿಲ್ಲ.

ಕೇಳಿಬರುವ ಎರಡು ಆಕ್ಷೇಪಗಳು

"ನಾಯಿಯ ಜಾಗ ಹೊಸ್ತಿಲಿನ ಹೊರಗೆ, ಒಳಗೆ ಬಿಟ್ಟುಕೊಂಡು ನೆಲದ ಚಿಂತೆ ಮಾಡುವುದೇಕೆ?" ಎಂದು ಅನೇಕ ಹಿರಿಯರು ಕೇಳುತ್ತಾರೆ. ಅವರ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಅಂಗಳ, ಹಿತ್ತಲು, ಓಡಾಡಲು ಬಯಲು ಇದ್ದ ಕಾಲದಲ್ಲಿ ಆ ಪದ್ಧತಿ ನಾಯಿಗೂ ಹಿತವಾಗಿತ್ತು. ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಗೋಡೆಯಿಂದ ಗೋಡೆಗೆ ಮನೆ ಕಟ್ಟಿದ ಮೇಲೆ ಹೊಸ್ತಿಲಿನ ಹೊರಗೆ ಉಳಿದಿರುವುದು ಕಾರು ನಿಲ್ಲಿಸುವ ಜಾಗ ಮಾತ್ರ. ಅಲ್ಲಿ ದಿನವಿಡೀ ಸರಪಳಿಯಲ್ಲಿರುವುದಕ್ಕಿಂತ ಒಳಗಿರುವುದು ಮೇಲು. ನಾಯಿ ಬೇಡವೆನ್ನುವವರು ಸಾಕದಿರಲಿ, ಅದರಲ್ಲಿ ತಪ್ಪಿಲ್ಲ. ಸಾಕಿ ಒಳಗೆ ಕರೆದವರು ಮಾತ್ರ ಅದು ನಿಲ್ಲಲಾರದ ನೆಲವನ್ನು ಅದಕ್ಕೆ ಕೊಡಬಾರದು. ಬಾಯಿಲ್ಲದ ಪ್ರಾಣಿ ದೂರು ಹೇಳುವುದಿಲ್ಲ. ಹೊಸ್ತಿಲಿನಲ್ಲಿ ನಿಂತುಬಿಡುತ್ತದೆ, ಅಷ್ಟೇ.

"ಮರವೇ ಏಕೆ? ಅಷ್ಟು ಹಣ ಎಲ್ಲಿಂದ?" ಎಂಬುದು ಇನ್ನೊಂದು ಆಕ್ಷೇಪ. ಇದು ನ್ಯಾಯವಾದದ್ದು. ಮರದ ನೆಲ ಹಾಕಿಸಲೇಬೇಕೆಂದು ನಾವು ಯಾರಿಗೂ ಹೇಳುತ್ತಿಲ್ಲ. ಪಾಲಿಶ್ ಮಾಡದ ಶಹಾಬಾದ್ ಕಲ್ಲು ನಾಯಿಗೂ ಹಿರಿಯರಿಗೂ ಒಳ್ಳೆಯ ನೆಲ. ಗೀರಿನ ಭಯವೂ ಅಷ್ಟಾಗಿಲ್ಲ. ಕಲ್ಲು ತಂಪೆನಿಸಿದರೆ ಮಲಗುವ ಜಾಗಕ್ಕಷ್ಟೇ ಹಾಸು ಸಾಕು. ಸಾಲ ಮಾಡಿ ಕನ್ನಡಿಯಂಥ ನೆಲ ಹಾಕಿಸಿ, ಬಳಿಕ ಬಿದ್ದವರ ಚಿಕಿತ್ಸೆಗೆ ಮತ್ತೆ ಸಾಲ ಮಾಡುವುದು ಬೇಡವೆಂದಷ್ಟೇ ನಮ್ಮ ಕಳಕಳಿ.

ಈಗಾಗಲೇ ಹೊಳೆಯುವ ನೆಲವಿದ್ದರೆ

ನೆಲವನ್ನು ಕಿತ್ತುಹಾಕಬೇಕಿಲ್ಲ. ನಾಯಿ ಹೆಚ್ಚಾಗಿ ಓಡಾಡುವ ದಾರಿಗೆ ರಬ್ಬರ್ ತಳದ ಹಾಸುಗಳನ್ನು ಒಂದಕ್ಕೊಂದು ತಾಗುವಂತೆ ಹಾಸಬಹುದು. ನವಲಗುಂದದ ಜಮಖಾನೆಯೂ ಕಂಬಳಿಯೂ ಒಳ್ಳೆಯವೇ. ಆದರೆ ಅವುಗಳನ್ನು ನುಣುಪು ನೆಲದ ಮೇಲೆ ಹಾಗೆಯೇ ಹಾಸಿದರೆ ಹಾಸೇ ಜಾರಿ ಹಿರಿಯರನ್ನು ಕೆಡವುತ್ತದೆ. ಅಡಿಗೆ ಜಾರದ ರಬ್ಬರ್ ಜಾಲರಿ ಹಾಕಲೇಬೇಕು. ನೀರಿನ ಬಟ್ಟಲನ್ನು ಅಂಚುಳ್ಳ ತಟ್ಟೆಯಲ್ಲಿಟ್ಟು, ನಡೆಯುವ ದಾರಿಯಿಂದ ದೂರವಿರಿಸಿ. ರಾತ್ರಿ ಒಂದು ಚಿಕ್ಕ ದೀಪ ಉರಿಯುತ್ತಿರಲಿ.

ನಾಯಿಯ ಆರೈಕೆಯೂ ನೆಲದ ಆರೈಕೆಯೇ. ಅದು ನಡೆಯುವಾಗ ಟಕಟಕ ಸದ್ದು ಕೇಳಿದರೆ ಉಗುರು ಬೆಳೆದಿದೆಯೆಂದು ಅರ್ಥ. ಮೂರು-ನಾಲ್ಕು ವಾರಗಳಿಗೊಮ್ಮೆ ತುದಿಯನ್ನು ಕತ್ತರಿಸಬೇಕು. ಉಗುರಿನೊಳಗೆ ರಕ್ತನಾಳವಿರುವ ಭಾಗ ತಾಗದಂತೆ ಮೊದಲ ಸಲ ಪಶುವೈದ್ಯರಿಂದ ಕಲಿತುಕೊಳ್ಳುವುದು ಲೇಸು. ಪಾದದ ಮೆತ್ತೆಗಳ ನಡುವೆ ಬೆಳೆದ ಕೂದಲು ನಾಯಿಗೆ ರೇಷ್ಮೆಯ ಕಾಲುಚೀಲ ತೊಡಿಸಿದಂತೆ, ಅದನ್ನೂ ಕತ್ತರಿಸುತ್ತಿರಬೇಕು. ತೂಕ ಮಿತಿಮೀರದಂತೆ ನೋಡಿಕೊಳ್ಳಬೇಕು. ಕೀಲುಗಳ ಮೇಲಿನ ಹೊರೆಯನ್ನು ಇಳಿಸುವುದರಲ್ಲಿ ಇದಕ್ಕಿಂತ ಉತ್ತಮ ಉಪಾಯವಿಲ್ಲ.

ನಮ್ಮ ಮನೆಯ ನೆಲವನ್ನು ನಾವು ಕೀಳಿಸಲಿಲ್ಲ. ಬಡಗಿಯವರು ಬಂದು ಹೊಳಪನ್ನು ಪೂರ್ತಿಯಾಗಿ ಉಜ್ಜಿ ತೆಗೆದು, ಎಣ್ಣೆಯ ಮಂಕು ಲೇಪ ಹಚ್ಚಿಕೊಟ್ಟರು. ಮೂರು ದಿನದ ಕೆಲಸ. ನೆಲ ಈಗ ಮೊದಲಿನಂತೆ ಹೊಳೆಯುವುದಿಲ್ಲ. ಬಂದವರು ಹೊಗಳುವುದೂ ಇಲ್ಲ. ಮೋತಿ ಹೊಸ್ತಿಲು ದಾಟಿ ಬರಲು ಮತ್ತೆ ತಿಂಗಳೇ ಹಿಡಿಯಿತು. ಒಂದೊಂದೇ ಹೆಜ್ಜೆ ಇಟ್ಟು, ನಿಂತು, ನೋಡಿ ಬಂದಿತು. ತಾಯಿಯವರ ಮಣಿಕಟ್ಟು ಕೂಡಿದೆ, ಆದರೆ ಆ ಕೈಯಿಂದ ರೊಟ್ಟಿ ತಟ್ಟುವುದು ಈಗ ಆಗುವುದಿಲ್ಲ. ಸೊಸೆ ತಟ್ಟಿದ ರೊಟ್ಟಿಯ ತುಂಡನ್ನು ಮಂಚದ ಬಳಿ ಮಲಗಿದ ನಾಯಿಗೆ ಹಾಕುತ್ತಾರೆ.

ಹೊಸ ಮನೆ ಕಟ್ಟಿಸುತ್ತಿರುವ ಸದ್ಭಕ್ತರಲ್ಲಿ ನಮ್ಮ ವಿನಂತಿ ಇಷ್ಟೇ. ನೆಲ ಆರಿಸುವ ದಿನ ಮನೆಯಲ್ಲಿ ಅತಿ ಮೆಲ್ಲಗೆ ನಡೆಯುವವರನ್ನು ನೆನೆಯಿರಿ. ಅವರು ಎರಡು ಕಾಲಿನವರಿರಲಿ, ನಾಲ್ಕು ಕಾಲಿನವರಿರಲಿ, ಅವರಿಗೆ ಒಪ್ಪುವ ನೆಲ ಮನೆಯವರೆಲ್ಲರಿಗೂ ಒಪ್ಪುತ್ತದೆ.